ಹುಣಸೆಹಣ್ಣು ಹಚ್ಚಿ ತಿಕ್ಕಿದ ಪಿಸ್ತೂಲು

ನನಗೊಂದು ಕೆಟ್ಟ ಚಟವಿದೆ. ಯಾವ ವಸ್ತು ಕೈಗೆ ಬಂದರೂ ಬೋರಲು ಹಾಕಿ ಅದರ ಬುಡ ನೋಡುತ್ತೇನೆ. ಯಾರ ಮನೆಯಲ್ಲಾದರೂ ಚಹಾ ಕೊಟ್ಟರೆ ಬಸಿಯನ್ನು ತಿರುವಿ, ಎಲ್ಲಿ ತಯಾರಾದದ್ದು ಎಂದು ಓದದೆ ಕೆಳಗಿಡುವುದಿಲ್ಲ. ಮೊನ್ನೆ ಮೊಮ್ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಬೆಳ್ಳಿಯ ಕುಂಕುಮದ ಭರಣಿ ಕೊಟ್ಟರು. ಅವರ ಎದುರಿಗೇ ಅದನ್ನು ತಿರುವಿ ನೋಡಿಬಿಟ್ಟೆ. ಒಳಗಿದ್ದ ಕುಂಕುಮವೆಲ್ಲ ನನ್ನ ಮಡಿಲಿಗೆ ಬಿತ್ತು. ಬೆಳ್ಳಿ ಅಸಲಿಯೇ ಆಗಿತ್ತು ಎಂದು ಆಮೇಲೆ ಎಷ್ಟು ಸಮಾಧಾನ ಹೇಳಿದರೂ ಮೊಮ್ಮಗಳು ಇನ್ನೂ ನನ್ನ ಕೂಡ ಸರಿಯಾಗಿ ಮಾತಾಡುತ್ತಿಲ್ಲ.

ಈ ಚಟ ಅಂಟಿದ್ದು ಅಪ್ಪನಿಂದ. ಅಪ್ಪನದು ಸೊಲ್ಲಾಪುರದಲ್ಲಿ ಬಂದೂಕಿನ ಅಂಗಡಿ. ದೊಡ್ಡದೇನೂ ಅಲ್ಲ. ಮುಂದೆ ಒಂದು ಗಾಜಿನ ಕಪಾಟು, ಹಿಂದೆ ರಿಪೇರಿಯ ಮೇಜು, ಅದರ ಹಿಂದೆ ನಮ್ಮ ಅಡುಗೆಮನೆ. ಬೆಳಗ್ಗೆ ಗಿರಣಿಯ ಭೋಂಗಾ ಕೂಗಿದಾಗ ಅವ್ವ ಒಲೆ ಹೊತ್ತಿಸುತ್ತಿದ್ದಳು, ಅಪ್ಪ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಬಂದೂಕು ಮಾರುತ್ತಾನಲ್ಲ ಎಂದು ನಮ್ಮವರೇ ಆಡಿಕೊಳ್ಳುತ್ತಿದ್ದರು. ಅದಕ್ಕೆ ಅಪ್ಪ, ತಾನು ಮಾರುವುದಕ್ಕಿಂತ ರಿಪೇರಿ ಮಾಡುವುದು ಹೆಚ್ಚು, ರಿಪೇರಿಗಿಂತ ಜನರ ಕಥೆ ಕೇಳುವುದು ಹೆಚ್ಚು ಎಂದು ನಗುತ್ತಿದ್ದ. ಓಣಿಯ ಹುಡುಗಿಯರು ಗೊಂಬೆ ಹಿಡಿದು ಆಡುವಾಗ ನಾನು ಖಾಲಿ ಕಾಡತೂಸಿನ ಹಿತ್ತಾಳೆ ಕವಚಗಳಲ್ಲಿ ಗುಲಗಂಜಿ ತುಂಬಿ ಅಡುಗೆಯಾಟ ಆಡುತ್ತಿದ್ದೆ. ಈಗ ನೆನೆಸಿಕೊಂಡರೆ ನಮ್ಮವ್ವನ ಧೈರ್ಯಕ್ಕೆ ದಿಗಿಲಾಗುತ್ತದೆ.

ಕಥೆ ಎಂದೆನಲ್ಲ. ಹಳೆಯ ರಿವಾಲ್ವರ್ ತಂದವರೆಲ್ಲ ಜೊತೆಗೊಂದು ಕಥೆ ತರುತ್ತಿದ್ದರು. ನಮ್ಮ ಅಜ್ಜನಿಗೆ ಒಬ್ಬ ಸಾಹೇಬ ಮೆಚ್ಚಿ ಕೊಟ್ಟದ್ದು, ನಮ್ಮ ಮುತ್ತಜ್ಜನಿಗೆ ಪಲ್ಟಣದಲ್ಲಿ ಬಹುಮಾನ ಬಂದದ್ದು. ಅಪ್ಪ ಹೂಂಗುಡುತ್ತ, ಕೈಯಲ್ಲಿ ಮಾತ್ರ ತಿರುಪು ಬಿಚ್ಚುತ್ತಿದ್ದ. ಪಿಸ್ತೂಲಿನ ನೆತ್ತಿಯ ಮೇಲೆ ಕೆತ್ತಿದ ಇಂಗ್ಲಿಷ್ ಹೆಸರು ನೋಡಿ ಮರುಳಾಗಬಾರದು, ಅದನ್ನು ಯಾರು ಬೇಕಾದರೂ ಕೆತ್ತಬಹುದು ಎಂದು ನನಗೆ ಕಲಿಸಿದವನು ಅವನೇ. ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದ ಅಸಲಿ ಮಾಲಿನ ಮೇಲೆ ಕಿರೀಟ ಇರುತ್ತದೆ, ಅದರ ಕೆಳಗೆ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ರಾಜದಂಡ. ಬೆಲ್ಜಿಯಂ ದೇಶದ ನಕಲಿಗೆ ಮೊಟ್ಟೆಯಾಕಾರದ ಗೆರೆ, ಗೆರೆಯೊಳಗೆ ಮೂರು ಅಕ್ಷರ, ಕೆಳಗೊಂದು ಪುಟ್ಟ ನಕ್ಷತ್ರ. ಆ ಮುದ್ರೆ ಹೆಚ್ಚಾಗಿ ಗುಂಡು ತುಂಬುವ ಗಾಲಿಯ ಮೇಲಿರುತ್ತದೆ. ಬಿಡಿ ಭಾಗಗಳ ಮೇಲಿನ ನಂಬರು ಒಂದೇ ಇದೆಯೋ ನೋಡಬೇಕು. ಗುಂಡಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದಾಗ ಬರುವ ಸಪ್ಪಳ ಕೇಳಬೇಕು. ಹತ್ತು ವರ್ಷ ತುಂಬುವುದರೊಳಗೆ ನಾನು ಇಷ್ಟು ಕಲಿತಿದ್ದೆ. ರೊಟ್ಟಿ ಬಡಿಯುವುದು ಮಾತ್ರ ಮದುವೆಯಾದ ಮೇಲೆ ಕಲಿತೆ.

ಒಮ್ಮೆ ಮಂದ್ರೂಪದಿಂದ ಒಬ್ಬ ರೈತ ಗಾಡಿ ತುಂಬ ಮಂದಿಯನ್ನು ಕರೆದುಕೊಂಡು ಬಂದ. ಅವರ ಮನೆಯ ಪಿಸ್ತೂಲು ಅಸಲಿ ವಿಲಾಯತಿಯದೋ ಅಲ್ಲವೋ ಎಂದು ಅಣ್ಣತಮ್ಮಂದಿರಲ್ಲಿ ಪಂಥ ಬಿದ್ದಿತ್ತು. ಅಪ್ಪ ಬಿಚ್ಚಿ ನೋಡಿ, ಇದು ಬೆಲ್ಜಿಯಂ ನಕಲಿ ಎಂದ. ಆತ ಪಿಸ್ತೂಲನ್ನು ಎತ್ತಿ ತಿರುವಿ ತಿರುವಿ ನೋಡಿದ. ಆಮೇಲೆ, "ಹಂಗಾರ ನಮ್ಮಜ್ಜ?" ಎಂದು ಕೇಳಿದ. ಪಿಸ್ತೂಲಿನ ಸಂಗಡ ಅಜ್ಜನೂ ನಕಲಿಯಾಗಿ ಹೋದನೇ ಎಂಬ ಹಾಗಿತ್ತು ಅವನ ಮುಖ. ಅವ್ವ ಒಳಗಿನಿಂದ ನೀರು ತಂದು ಕೊಟ್ಟಳು. ಅಂದಿನಿಂದ ಅಪ್ಪ ಯಾರಾದರೂ ಬಾಯಿಬಿಟ್ಟು ಕೇಳದ ಹೊರತು ಅಸಲಿ ನಕಲಿಯ ಮಾತೆತ್ತುವುದನ್ನು ಬಿಟ್ಟ. ಕೇಳಿದರೆ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ.

ಇಂಥವನ ಮಗಳನ್ನು ಕೊಟ್ಟದ್ದು ಎಂಥ ಮನೆಗೆ ಎನ್ನುತ್ತೀರಿ? ಅಕ್ಕಲಕೋಟ ಸಂಸ್ಥಾನದ ಹನ್ನೂರಿನಲ್ಲಿ, ಸುತ್ತಲಿನವರು 'ಪಿಸ್ತೂಲ ಗೌಡ್ರ ಮನಿ' ಎಂದೇ ಕರೆಯುತ್ತಿದ್ದ ಮನೆಗೆ. ನಮ್ಮ ಮಾವನ ತಂದೆ ಬೋರಿ ಹೊಳೆಗೆ ಮಹಾಪೂರ ಬಂದಾಗ ಕುದುರೆ ಸಮೇತ ಕೊಚ್ಚಿ ಹೋಗುತ್ತಿದ್ದ ಒಬ್ಬ ಇಂಗ್ಲಿಷ್ ಸಾಹೇಬನನ್ನು ಈಜಿ ಎಳೆದು ತಂದರಂತೆ. ಸಾಹೇಬ ಸೊಂಟದಲ್ಲಿದ್ದ ರಿವಾಲ್ವರನ್ನು ಬಿಚ್ಚಿ ಅವರ ಕೈಗಿಟ್ಟನಂತೆ. ಪ್ರತಿ ದಸರೆಯ ಖಂಡೇನವಮಿಗೆ ಪಿಸ್ತೂಲನ್ನು ದೇವರ ಜಗಲಿಯಿಂದ ಇಳಿಸಿ, ಪೂಜೆಗಿಟ್ಟು, ಪಡಸಾಲೆಯಲ್ಲಿ ಊರ ಮಂದಿಯನ್ನೆಲ್ಲ ಕೂರಿಸಿ ಮಾವ ಈ ಕಥೆ ಹೇಳುತ್ತಿದ್ದರು. ಅವರದು ಎತ್ತರದ ಆಳು, ಗಂಟಲು ದೊಡ್ಡದು. ಅವರು ಕೈ ಬೀಸಿ ಈಜು ತೋರಿಸುವಾಗ ಮುಂದೆ ಕುಳಿತವರು ನೀರು ಸಿಡಿದೀತೆಂಬಂತೆ ಹಿಂದೆ ಸರಿಯುತ್ತಿದ್ದರು.

ನಾನು ಆ ಮನೆಗೆ ಹೋದ ಮೊದಲ ದಸರೆ. ಅಟ್ಟದ ಹಿತ್ತಾಳೆ ತಾಮ್ರವೆಲ್ಲ ಅಂಗಳಕ್ಕೆ ಬಂದಿತ್ತು. ಕೊಡ, ಹಂಡೆ, ದೀಪದ ಸಮೆ, ಆರತಿ ತಟ್ಟೆ. ನಾನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಾ ಕುಳಿತಿದ್ದೆ. ಅತ್ತೆ ಒಳಗಿನಿಂದ ರೇಷ್ಮೆ ವಸ್ತ್ರದ ಗಂಟು ತಂದು, ಬಿಚ್ಚಿ, ಹಂಡೆಯ ಪಕ್ಕ ಇಟ್ಟು, "ಇದನ್ನೂ ತಿಕ್ಕವಾ, ಮೂಲ್ಯಾಗೆಲ್ಲ ಕುಂಕುಮ ಕುಂತದ" ಎಂದರು.

ಪಿಸ್ತೂಲು! ಹುಣಸೆಹಣ್ಣು ಹಚ್ಚಿ! ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಅಪ್ಪ ಕಂಡಿದ್ದರೆ ಅಂಗಳದಲ್ಲೇ ಕುಸಿದು ಬೀಳುತ್ತಿದ್ದ. ವರ್ಷ ವರ್ಷವೂ ತಿಕ್ಕಿ ತಿಕ್ಕಿ ಅದರ ಕಪ್ಪು ಬಣ್ಣ ಹೋಗಿ, ನೆತ್ತಿಯ ಅಕ್ಷರಗಳು ಸವೆದು, ಇಡೀ ಪಿಸ್ತೂಲು ಪಂಚಪಾತ್ರೆಯ ಹಾಗೆ ಥಳಥಳಿಸುತ್ತಿತ್ತು. ಹೊಸ ಸೊಸೆ ಏನು ಮಾತಾಡುವುದು? ಕೈಗೆತ್ತಿಕೊಂಡೆ. ಎತ್ತಿದ ಕೂಡಲೇ ತೂಕ ಹೆಚ್ಚೆನಿಸಿತು. ಅಂಗಡಿಯ ಮಗಳ ಕೈ ತಾನಾಗಿಯೇ ಪಿಸ್ತೂಲಿನ ಬಲಗಡೆ ಗುಂಡು ಹಾಕುವ ಸಣ್ಣ ಬಾಗಿಲನ್ನು ಸರಿಸಿತು.

ಒಳಗೆ ಐದು ಗುಂಡುಗಳಿದ್ದವು.

ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಒಂದೊಂದಾಗಿ ಗುಂಡುಗಳನ್ನು ಹೊರಗೆ ಕೆಡವಿದೆ. ಹಸಿರು ಕಿಲುಬು ಹಿಡಿದಿದ್ದರೂ ಐದೂ ತುಂಬಿದ ಗುಂಡುಗಳೇ. ಇದೇನವ್ವಾ ಎಂದು ಅತ್ತೆ ಕೇಳಿದರು. ಹೇಳಿದೆ. ಅವರು ಹಂಡೆ ಹಿಡಿದುಕೊಂಡು ನೆಲಕ್ಕೆ ಕುಳಿತರು. ಮದುವೆಯಾಗಿ ಬಂದಾಗಿನಿಂದ ಅದನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದವರು ಅವರು. ಪೂಜೆ ಮುಗಿದ ಮೇಲೆ ಮನೆಮಂದಿಯೆಲ್ಲ ಸಾಲಾಗಿ ಅದರ ನಳಿಗೆಗೆ ಹಣೆ ಹಚ್ಚಿ ನಮಸ್ಕರಿಸುತ್ತಿದ್ದರು. ಕೂಸುಗಳ ಹಣೆಯನ್ನೂ ಹಚ್ಚಿಸುತ್ತಿದ್ದರು.

ಆ ಗಾಬರಿಯಲ್ಲೇ ನಾನು ನಡುವಿನ ಕಡ್ಡಿ ಎಳೆದು ಗಾಲಿಯನ್ನೂ ಹೊರಗೆ ತೆಗೆದಿದ್ದೆ. ಹುಣಸೆಹಣ್ಣು ಮುಟ್ಟದ ಜಾಗವೆಂದರೆ ಅದರ ಹಿಂಬದಿಯೊಂದೇ. ಅಲ್ಲಿ ಗಟ್ಟಿಯಾಗಿ ಕುಳಿತ ಕುಂಕುಮವನ್ನು ಉಗುರಿನಿಂದ ಕೆರೆದೆ. ಮೊಟ್ಟೆಯಾಕಾರದ ಗೆರೆ, ಮೂರು ಅಕ್ಷರ, ನಕ್ಷತ್ರ. ಗುಂಡು ನೋಡಿದಾಗ ಆದದ್ದಕ್ಕಿಂತ ದೊಡ್ಡ ಆಘಾತ ಇದು. ಸಾಹೇಬ ಕೊಟ್ಟ ಪಿಸ್ತೂಲು ಬೆಲ್ಜಿಯಂ ನಕಲಿ. ಊರೆಲ್ಲ ಆ ಮನೆಯನ್ನು ಕರೆಯುವ ಹೆಸರು ನನ್ನ ಬೊಗಸೆಯಲ್ಲಿತ್ತು. ಮಂದ್ರೂಪದವನ ಮುಖ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡು ಗಾಲಿಯನ್ನು ಮತ್ತೆ ಸಿಕ್ಕಿಸಿದೆ. ಅಂದು ಮಾವ ಕಥೆ ಹೇಳುವಾಗ ಕಂಬದ ಮರೆಯಲ್ಲಿ ತಲೆ ತಗ್ಗಿಸಿ ಕುಳಿತು ಕೇಳಿದೆ.

ಗುಂಡು ಇದ್ದ ಸುದ್ದಿ ಕೇಳಿ ಮಾವನಿಗೂ ಹೆದರಿಕೆಯಾಗಿತ್ತು. ಪಿಸ್ತೂಲನ್ನು ಬೀಗರ ಅಂಗಡಿಗೆ ಕಳಿಸಿ ಸರಿಮಾಡಿಸೋಣ ಎಂದರು. ಹನ್ನೂರು ಸಂಸ್ಥಾನದ್ದು, ಸೊಲ್ಲಾಪುರ ಇಂಗ್ಲಿಷರದ್ದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಆಯುಧ ಒಯ್ಯಲು ಕಚೇರಿಯಿಂದ ಚೀಟಿ ಬೇಕಾಗುತ್ತಿತ್ತು. ಚೀಟಿ ಮಾಡಿಸಿ ಮಾವನೇ ಒಯ್ದರು. ವಾರದ ಮೇಲೆ ಅದು ಎಣ್ಣೆ ಹಚ್ಚಿಸಿಕೊಂಡು ತಿರುಗಿ ಬಂತು. ದೀಪಾವಳಿಗೆ ತವರಿಗೆ ಹೋದಾಗ ಅಪ್ಪನನ್ನು ಮೆಲ್ಲಗೆ ಕೇಳಿದೆ. ಅಪ್ಪನಿಗೂ ಗೊತ್ತಾಗಿತ್ತು. ಬೀಗರು ಕೇಳಲಿಲ್ಲ, ತಾನು ಹೇಳಲಿಲ್ಲ, ನೀನೂ ಹೇಳಬೇಡ ಎಂದ. ನಾನು ಹೇಳಲಿಲ್ಲ. ಒಳ್ಳೆಯ ಸೊಸೆ ಎನ್ನಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದು ಆಗ ತಿಳಿದಿದ್ದೆ.

ಹೀಗೆ ಮೂರು ದಸರೆ ಕಳೆದವು. ಮೂವತ್ತನೆಯ ಇಸವಿಯ ಬೇಸಿಗೆಯಲ್ಲಿ ಸೊಲ್ಲಾಪುರದಲ್ಲಿ ಇಂಗ್ಲಿಷರ ವಿರುದ್ಧ ಗಲಾಟೆಯಾಗಿ ಮಾರ್ಷಲ್ ಲಾ, ಅಂದರೆ ದಂಡಿನ ಆಡಳಿತ, ಬಂತು. ವಳಸಂಗದ ಕಡೆಯಿಂದ ಬಂದವರು ಸೊಲ್ಲಾಪುರದ ಪೇಟೆಯಲ್ಲಿ ಗಾಂಧಿ ಟೋಪಿ ಕಂಡರೆ ಸಿಪಾಯಿಗಳು ಹಿಡಿಯುತ್ತಾರೆ ಎಂದು ಹೇಳುತ್ತಿದ್ದರು. ಅದರ ಬಿಸಿ ನಮ್ಮ ಸಂಸ್ಥಾನಕ್ಕೂ ತಟ್ಟಿತು. ಆಯುಧ ಇದ್ದವರೆಲ್ಲ ಅವನ್ನು ಪರವಾನಗಿಯ ಕಾಗದದೊಂದಿಗೆ ಅಕ್ಕಲಕೋಟಕ್ಕೆ ತಂದು ತೋರಿಸಬೇಕೆಂದು ಹುಕುಂ ಬಂತು. ಮಾಲು ಪರೀಕ್ಷಿಸಲು ಸೊಲ್ಲಾಪುರದ ಬಂದೂಕಿನ ಅಂಗಡಿಯವರನ್ನು ಕರೆಸಿದ್ದಾರೆ ಎಂಬ ಸುದ್ದಿಯೂ ಬಂತು. ಅಂಗಡಿಯವರೆಂದರೆ ನಮ್ಮಪ್ಪ. ಮಾವನಿಗೆ ಖುಷಿಯೋ ಖುಷಿ. ಬೀಗರೇ ನೋಡುವಾಗ ಚಿಂತೆ ಏತಕ್ಕೆ, ನೀನೂ ಗಾಡಿ ಹತ್ತು, ಅಪ್ಪನನ್ನು ಕಂಡ ಹಾಗಾಗುತ್ತದೆ ಎಂದು ನನ್ನನ್ನೂ ಹೊರಡಿಸಿದರು. ಅತ್ತೆ ಪಿಸ್ತೂಲಿಗೆ ಆರತಿ ಬೆಳಗಿ ಕಳಿಸಿದರು. ನಾನು ಭಯದಿಂದ ಗಾಡಿಯ ಒಂದು ಮೂಲೆ ಹಿಡಿದು ಕುಳಿತೆ. ಅಪ್ಪ ಕೇಳಿದರೆ ಸುಳ್ಳು ಹೇಳುವವನಲ್ಲ. ಈ ಸಲ ಕೇಳುವವರು ಸರಕಾರದವರು.

ಕಚೇರಿಯ ಮೇಜಿನ ಮೇಲೆ ಕತ್ತಿ, ಕೋಲಿನೊಳಗೆ ಅಡಗಿದ ಗುಪ್ತಿ, ಮದ್ದು ತುಂಬುವ ಉದ್ದ ಬಂದೂಕು ರಾಶಿ ಬಿದ್ದಿದ್ದವು. ನಾನು ಹೊರಗಿನ ಕಟ್ಟೆಯ ಮೇಲೆ, ಕಿಟಕಿಯ ಪಕ್ಕ ಕುಳಿತಿದ್ದೆ. ನಮ್ಮ ಸರದಿ ಬಂತು. ಕಾರಕೂನ ನಮ್ಮ ಕಾಗದ ಓದಿದ. ಇಂಗ್ಲಂಡಿನ ಅಸಲಿ ರಿವಾಲ್ವರ್, ಸಾಹೇಬರಿಂದ ಇನಾಮು ಬಂದದ್ದು ಎಂದು ನಮ್ಮ ಮಾವನ ತಂದೆ ಬರೆಸಿದ್ದರು. ಮಾವ ರುಮಾಲು ಸರಿಮಾಡಿಕೊಂಡರು. ಅಪ್ಪ ಗಾಲಿ ತೆಗೆದ, ಬೆಳಕಿಗೆ ಹಿಡಿದ, ಒಂದು ಸಲ ಬೀಗರ ಮುಖ ನೋಡಿದ. ಮಾಲು ಯಾವ ದೇಶದ್ದು ಎಂದು ಅಧಿಕಾರಿ ಕೇಳಿದರು. ಅಪ್ಪ ಕಣ್ಣು ತಗ್ಗಿಸಿ, "ಬೆಲ್ಜಿಯಂ ಮಾಲು ಅದ ರಿ, ಸಾಹೇಬ್ರ. ಅಸಲಿ ಅಲ್ಲ, ನಕಲಿ" ಎಂದ.

ಅಧಿಕಾರಿ ಮತ್ತೆ ಕಾಗದ ನೋಡಿದರು. ಕಾಗದದಲ್ಲಿ ಇಂಗ್ಲಿಷ್ ರಿವಾಲ್ವರ್ ಇದೆ, ಮೇಜಿನ ಮೇಲೆ ಬೆಲ್ಜಿಯಂನದು ಇದೆ, ಹಾಗಾದರೆ ಅಸಲಿ ಎಲ್ಲಿ ಹೋಯಿತು, ಯಾರ ಕೈ ಸೇರಿತು ಎಂದು ಕೇಳಿದರು. ಆ ದಿನಗಳಲ್ಲಿ ಆ ಪ್ರಶ್ನೆಗೆ ಜೈಲೇ ಅರ್ಥ. ಕಾರಕೂನ ಹಳೆಯ ಚೀಟಿ ಹುಡುಕಿ ತೆಗೆದ. ಈ ಪಿಸ್ತೂಲು ಮನೆ ಬಿಟ್ಟು ಹೋದದ್ದು ಒಂದೇ ಸಲ, ಸೊಲ್ಲಾಪುರದ ಅಂಗಡಿಗೆ, ಇದೇ ಅಂಗಡಿಗೆ. ಅಧಿಕಾರಿಯ ಕಣ್ಣು ನಿಧಾನವಾಗಿ ಅಪ್ಪನ ಕಡೆ ತಿರುಗಿತು.

ಅಪ್ಪ ನಿಜ ಹೇಳಿ ತನ್ನ ಕೊರಳಿಗೆ ತಾನೇ ಉರುಲು ಹಾಕಿಕೊಂಡಿದ್ದ. ಅಸಲಿಯನ್ನು ಬದಲಿಸಿ ಗಲಾಟೆಯವರಿಗೆ ಮಾರಿದ ಎಂದು ಒಂದು ಮಾತು ಬಂದರೆ ಮುಗಿಯಿತು. ಅಂಗಡಿ ಹೋಗುತ್ತದೆ, ಅಪ್ಪ ಒಳಗೆ ಹೋಗುತ್ತಾನೆ, ಬೀಗರ ಮನೆಯ ಪಿಸ್ತೂಲು ಕದ್ದವನ ಮಗಳಾಗಿ ನಾನು ಹನ್ನೂರಿನಲ್ಲಿ ಹೇಗೆ ಬಾಳುವುದು? ನಾನು ಬಾಯಿ ಮುಚ್ಚಿಕೊಂಡ ತಪ್ಪೇ ಇದು. ಅಂದೇ ಅಂಗಳದಲ್ಲಿ ಹೇಳಿದ್ದರೆ ಪಿಸ್ತೂಲು ಸೊಲ್ಲಾಪುರಕ್ಕೆ ಹೋಗುವ ಮೊದಲೇ ನಕಲಿಯಾಗಿತ್ತು ಎಂದು ಮನೆಯವರಿಗೆಲ್ಲ ಗೊತ್ತಿರುತ್ತಿತ್ತು.

ಹೇಗೆ ಎದ್ದೆನೋ, ಹೇಗೆ ಒಳಗೆ ಹೋದೆನೋ ತಿಳಿಯದು. ಸೆರಗು ಎಳೆದುಕೊಂಡು ಕಚೇರಿಯ ನಡುವೆ ನಿಂತಿದ್ದೆ. ಮಾವನ ಮುಂದೆ ನಾನು ಅದುವರೆಗೆ ದನಿ ಎತ್ತಿದವಳಲ್ಲ. "ಇದು ಸೊಲ್ಲಾಪುರಕ್ಕ ಹೋಗೂಕಿಂತ ಮೊದಲ ಹಿಂಗ ಇತ್ರಿ. ತಿಕ್ಕುವಾಗ ಈ ಮುದ್ರಿ ನಾನ ನೋಡೀನ್ರಿ" ಎಂದೆ. ನೀನು ಯಾರು ಎಂದು ಅಧಿಕಾರಿ ಕೇಳಿದರು. ಹೇಳಿದೆ. ಮಗಳು ಅಪ್ಪನ ಪರ ಹೇಳದೆ ಇನ್ನೇನು ಹೇಳಿಯಾಳು ಎಂದು ಅವರು ಕಾರಕೂನನಿಗೆ ಮರಾಠಿಯಲ್ಲಿ ಅಂದರು. ಅದೂ ಸರಿಯೇ. ನನಗೆ ಅಳು ಬಂತು.

ಮಾವ ಅದುವರೆಗೆ ನನ್ನನ್ನೇ ನೋಡುತ್ತಿದ್ದರು. ಅವರು ಬೀಗರ ಮೇಲೆ ಹರಿಹಾಯುತ್ತಾರೆ ಎಂದೇ ನಾನು ತಿಳಿದಿದ್ದೆ. ಅವರ ಅಪ್ಪನ ಹೆಸರು, ಮನೆಯ ಮರ್ಯಾದೆ, ಊರಿನವರ ಮುಂದೆ ಎತ್ತಿ ನಡೆಯುವ ತಲೆ, ಎಲ್ಲ ಆ ಮೇಜಿನ ಮೇಲಿತ್ತು. ಪಿಸ್ತೂಲು ಬದಲಾಗಿದೆ ಎಂದು ಅವರು ಒಂದು ಮಾತು ಆಡಿದರೆ ಅಷ್ಟೂ ಉಳಿಯುತ್ತಿತ್ತು. ಹನ್ನೂರಿನಿಂದ ಬಂದ ನಾಲ್ಕಾರು ಮಂದಿ ಬಾಗಿಲಲ್ಲೇ ನಿಂತಿದ್ದರು.

"ಬದಲಿ ಆಗಿಲ್ರಿ, ಸಾಹೇಬ್ರ," ಎಂದರು ಮಾವ. ಪಡಸಾಲೆ ನಡುಗಿಸುವ ಆ ಗಂಟಲು ಎಲ್ಲಿ ಹೋಗಿತ್ತೋ. "ಇದು ಮೊದಲಿಂದ ಇದಽ. ಹೊಳ್ಯಾಗ ಯಾವ ಸಾಯೇಬನೂ ಬಿದ್ದಿದ್ದಿಲ್ಲ. ನಮ್ಮಪ್ಪ ಇದನ್ನ ಸೊಲ್ಲಾಪುರ ಬಾಜಾರದಾಗ ಕೊಂಡಾನ. ಜ್ವಾಳ ಮಾರಿ ಬಂದ ದಿನ. ನಾ ಸಂಗಟ ಇದ್ದೆ. ಕಾಗದದಾಗಿಂದು ಸುಳ್ಳು. ಬೀಗರಂದು ತಪ್ಪಿಲ್ಲ."

ಅಪ್ಪ ತಲೆಯೆತ್ತಿ ನೋಡಿದ. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಅವರಿಗೆ ಗೊತ್ತಿತ್ತು! ಕೈ ಬೀಸಿ ಈಜು ತೋರಿಸುವಾಗ, ಸಾಹೇಬನ ಒದ್ದೆ ಮೀಸೆ ಬಣ್ಣಿಸುವಾಗ, ಅಷ್ಟೂ ಹೊತ್ತು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಗುಟ್ಟು ಕಾಯುತ್ತಿರುವವಳು ನಾನೊಬ್ಬಳೇ ಎಂದು ಮೂರು ವರ್ಷ ಬೀಗಿದ್ದೆನಲ್ಲ, ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ ಎನಿಸಿತು.

ಸುಳ್ಳು ಬರೆಸಿದ ಕಾಗದ ಇಟ್ಟುಕೊಂಡದ್ದಕ್ಕೆ ಅಧಿಕಾರಿ ಮಾವನನ್ನು ಎಲ್ಲರ ಎದುರು ಬಯ್ದರು. ಹೇಳಿಕೆ ಬರೆಸಿ ಸಹಿ ಮಾಡಿಸಿಕೊಂಡರು. ಗುಂಡು ಇಟ್ಟುಕೊಳ್ಳಕೂಡದು, ಪೂಜೆಗೆ ಬೇಕಾದರೆ ಇಟ್ಟುಕೊಳ್ಳಿ ಎಂದು ಹೊಸ ಕಾಗದದಲ್ಲಿ ಬೆಲ್ಜಿಯಂ ನಕಲಿ ಎಂದು ಬರೆದು ಕೊಟ್ಟರು. ಹೊರಗೆ ಬಂದ ಮೇಲೆ ಅಪ್ಪ ಮಾವನ ಎರಡೂ ಕೈ ಹಿಡಿದುಕೊಂಡ. ಮಾವ, ಬೀಗರು ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದು ಖಾನಾವಳಿಗೆ ಕರೆದುಕೊಂಡು ಹೋದರು. ಅಲ್ಲಿ ಮೂವರಲ್ಲಿ ಯಾರಿಗೂ ಒಂದು ರೊಟ್ಟಿ ಇಳಿಯಲಿಲ್ಲ.

ತಿರುಗಿ ಬರುವಾಗ ಗಾಡಿಯಲ್ಲಿ ಮಾವ ಎತ್ತುಗಳ ಬೆನ್ನು ನೋಡುತ್ತ ತಾವಾಗಿಯೇ ಹೇಳಿದರು. ಅವರಪ್ಪ ಪಿಸ್ತೂಲು ಕೊಂಡು ತಂದ ದಿನ ಊರಿನವರು ಎಲ್ಲಿಯದೆಂದು ಕೇಳಿದಾಗ, ಸಾಹೇಬ ಕೊಟ್ಟ ಎಂದು ತಮಾಷೆಗೆ ಅಂದರಂತೆ. ಜನ ನಂಬಿದರು. ಏಕೆ ಕೊಟ್ಟ ಎಂದು ಮರುದಿನ ಕೇಳಿದರು. ಕಥೆಗೆ ಹೊಳೆ ಬಂತು. ಮೂರನೆಯ ದಿನ ಕುದುರೆಯೂ ಬಂತು. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

"ನೀ ಮೊದಲನೇ ದಸರಾಕ್ಕಽ ನೋಡಿದ್ದಿ?" ಎಂದು ಕೇಳಿದರು.

ಹೂಂ ಎಂದೆ.

"ಮತ್ತ ಪ್ರತಿ ವರ್ಷ ಕಂಬದ ಮಗ್ಗಲ ಕುಂತು ಕೇಳ್ತಿದ್ದೆಲ್ಲವಾ."

ಕಥೆ ಚೆನ್ನಾಗಿರುತ್ತಿತ್ತು ಎಂದೆ. ಅದು ನಿಜವೇ. ಅವರು ಮೊದಲ ಸಲ ಸ್ವಲ್ಪ ನಕ್ಕರು. ಆದರೆ ಹನ್ನೂರಿನ ಹೊಲಗಳು ಕಾಣತೊಡಗಿದಂತೆ ಆ ನಗೆ ಹೋಯಿತು. ಊರಿನವರಿಗೆ ಹೇಗಾದರೂ ಮುಖ ತೋರಿಸಿಯೇನು, ಆದರೆ ನಿಮ್ಮತ್ತೆಗೆ ಹೇಗೆ ಹೇಳಲಿ ಎಂದರು. ಅವಳ ಅಪ್ಪ ಬೇರೆ ದೊಡ್ಡ ಮನೆತನಗಳನ್ನು ಬಿಟ್ಟು ಈ ಕಥೆ ಕೇಳಿಯೇ ಅವಳನ್ನು ತಮಗೆ ಕೊಟ್ಟದ್ದಂತೆ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದರೂ ಅವಳಿಗೆ ಹೇಳಲು ಬಾಯಿ ಬಂದಿರಲಿಲ್ಲವಂತೆ. ಹಾಗೆ ಹೇಳುವಾಗ ಆ ಎತ್ತರದ ಮನುಷ್ಯ ಗಾಡಿಯಲ್ಲಿ ಮುದುಡಿ ಕುಳಿತಿದ್ದರು.

ನಾವು ಮುಟ್ಟುವ ಹೊತ್ತಿಗೆ ಇನ್ನೂ ಬಿಸಿಲಿತ್ತು. ಮಂದಿ ಮೊದಲೇ ಬಂದು ಸುದ್ದಿ ಹೇಳಿರಬಹುದೆಂಬ ಅಂಜಿಕೆ ಸುಳ್ಳಾಯಿತು. ಅತ್ತೆ ಎಂದಿನಂತೆ ಬಾಗಿಲಲ್ಲಿ ನಿಂತು, ಪಿಸ್ತೂಲಿಗೆ ಹಿಡಿಯಲು ಆರತಿ ತಟ್ಟೆ ತಂದರು. ಮಾವ ಹೊಸ್ತಿಲು ದಾಟಲಿಲ್ಲ. ಹೊರಗೆ ನಿಂತೇ, ತಟ್ಟೆ ಕೆಳಗಿಡು ಎಂದು, ಕಚೇರಿಯಲ್ಲಿ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಕೈ ಬೀಸಲಿಲ್ಲ, ದನಿ ಏರಿಸಲಿಲ್ಲ. ಅತ್ತೆ ತಟ್ಟೆ ಕೆಳಗಿಡದೆ ಕೇಳಿದರು.

"ಹೊಳ್ಯಾಗ ಯಾರೂ ಬಿದ್ದಿದ್ದಿಲ್ಲ?" ಎಂದು ಕೇಳಿದರು.

"ಇಲ್ಲ."

"ನಮ್ಮ ಮಾವನೋರು ಯಾರನ್ನೂ ಉಳಿಸಿಲ್ಲ?"

"ಇಲ್ಲ," ಎಂದರು ಮಾವ.

ಅತ್ತೆ ನನ್ನ ಕಡೆ ನೋಡಿದರು. ನಿನ್ನಪ್ಪ ಈಗ ಎಲ್ಲಿ ಎಂದು ಕೇಳಿದರು. ಸೊಲ್ಲಾಪುರಕ್ಕೆ ಹೋದ, ಜೈಲಿಗಲ್ಲ, ಮನೆಗೆ ಹೋದ ಎಂದೆ. ಹೇಳುವಾಗ ನನಗೆ ತಡೆಯಲಾರದಷ್ಟು ಅಳು ಬಂತು. ಅತ್ತೆ ದೀಪವನ್ನು ಎತ್ತಿದರು. ಪಿಸ್ತೂಲಿನ ಗಂಟಿನ ಕಡೆ ಅಲ್ಲ, ಮಾವನ ಮುಖಕ್ಕೆ.

"ಒಂದು ಜೀವ ಉಳಿಸಿದ ಮನಿ ಅಂತ ನಮ್ಮಪ್ಪ ನನ್ನ ಇಲ್ಲಿ ಕೊಟ್ಟಿದ್ದ," ಎಂದರು. "ಅದು ಇವತ್ತ ಖರೇ ಆತು. ಒಳಗ ಬರ್ರಿ."